ಕಚ್ಚಾ ಹೊಲಿಗೆ

ನಲವತ್ತೊಂದು ವರ್ಷ ಕಾಲರು ಹೊಲಿದೆ
ವೂಚ್ ಪಟ್ಟಣದ ಅಂಗಿ ಕಾರ್ಖಾನೆಯಲ್ಲಿ, ಮೂರನೇ ಮಹಡಿ,
ಕಿಟಕಿಯಿಂದ ಎಂಟನೇ ಮಿಶಿನು.
ಕತ್ತೆಂದರೆ ನನಗೆ ಒಂದು ಸಂಖ್ಯೆ:
ಮೂವತ್ತೆಂಟು, ನಲವತ್ತು, ನಲವತ್ತೆರಡು.
ಮದುವೆಯ ದಿನ ಬೊಗ್ದಾನನ ಕತ್ತು ನಲವತ್ತು,
ಮಣ್ಣಿಗಿಟ್ಟ ದಿನ ಮೂವತ್ತಾರು.
ಎರಡು ಅಂಗಿಯೂ ನಾನೇ ಹೊಲಿದದ್ದು.

ಈಗ ನನ್ನ ಕತ್ತು ಅಳೆಯುತ್ತಾರೆ
ಟೇಪಿಲ್ಲದೆ, ಉಂಗುರದಂಥ ಯಂತ್ರದೊಳಗೆ ಮಲಗಿಸಿ.
ಎಡಗಡೆಯ ಗಂಟು ಮೂವತ್ತೊಂದು ಮಿಲಿಮೀಟರು,
ಬಗಲಿನದು ನಲವತ್ನಾಲ್ಕು.
"ಲೆಕ್ಕಕ್ಕೆ ಬರುವಷ್ಟಿವೆ" ಎಂದರು ಡಾಕ್ಟರ್ ಸೊಬಿಯೆರಾಯ್,
ಪಾಸಾದ ಹುಡುಗಿಗೆ ಹೇಳುವ ಹಾಗೆ.
ಸಣ್ಣವಿದ್ದರೆ ಸೇರಿಸಿಕೊಳ್ಳುತ್ತಿರಲಿಲ್ಲವಂತೆ.
ನಾನೂ ನಕ್ಕುಬಿಟ್ಟೆ, ಪಾಸಾದವಳ ಹಾಗೇ.

ಮೊದಲ ಸಲ ಆರು ಸುತ್ತು ಕೀಮೋ;
ಐದು ವರ್ಷ ತೆಪ್ಪಗಿತ್ತು.
ಆಮೇಲೆ ದಿನಕ್ಕೊಂದು ಮಾತ್ರೆ, ಬೆಳಗಿನ ಚಹಾದ ಜೊತೆ,
ಮೂರು ಚಳಿಗಾಲ.
ಕಡೆಗೊಂದು ದಿನ ಮಾತ್ರೆಯ ಮಾತು
ರಕ್ತ ಕೇಳದಾಯಿತು.

ಒಪ್ಪಿಗೆಯ ಕಾಗದ ಇಪ್ಪತ್ತೇಳು ಪುಟ.
ಅಡುಗೆಮನೆಯ ಮೇಜಿನ ಮೇಲೆ ಬೆರಳಿಟ್ಟು ಓದಿದೆ.
"ಆಗಬಹುದು" ಎಂಬ ಪದ ಅರವತ್ತಮೂರು ಸಲ:
ಜ್ವರ ಆಗಬಹುದು, ಭೇದಿ ಆಗಬಹುದು,
ಇನ್ನೂ ಯಾರಿಗೂ ಆಗದ್ದು ಆಗಬಹುದು.
ಒಂಬತ್ತನೇ ಪುಟದಲ್ಲಿ, ಯಾರೂ ಗೆರೆ ಎಳೆಯದ ಕಡೆ,
"ಇದರಿಂದ ನಿಮಗೆ ಉಪಯೋಗವಾಗದೆಯೂ ಇರಬಹುದು."
ನಾನು ಪೆನ್ಸಿಲಿನಿಂದ ಗೆರೆ ಎಳೆದೆ.
ಹನ್ನೊಂದರಲ್ಲಿ,
"ಯಾವಾಗ ಬೇಕಾದರೂ, ಕಾರಣ ಹೇಳದೆ, ನೀವು ಬಿಟ್ಟುಹೋಗಬಹುದು."
ಕಾರ್ಖಾನೆಯಾಗಲಿ, ಇಗರ್ಜಿಯಾಗಲಿ, ಬೊಗ್ದಾನನಾಗಲಿ
ಈ ಮಾತನ್ನು ನನಗೆ ಬರೆದುಕೊಟ್ಟಿರಲಿಲ್ಲ.
ಎರಡು ಸಲ ಓದಿದೆ.

ತಂಗಿ ಯದ್ವಿಗಾ ಫೋನಿನಲ್ಲಿ ಕೂಗಾಡಿದಳು:
"ಪ್ರಯೋಗದ ಮೊಲ ಆಗ್ತೀಯಾ, ಈ ವಯಸ್ಸಲ್ಲಿ?"
ಚಿಕ್ಕಂದಿನಿಂದ ನಾನು ಹಿಡಿದ ಮೊಲಕ್ಕೆ ಮೂರೇ ಕಾಲು,
ಅದು ಅವಳಿಗೂ ಗೊತ್ತು.
ಈಗ ನಾನೇ ಮೊಲ.
ಕಾಲು ಎಷ್ಟೆಂದು ಅವರೇ ಎಣಿಸಿಕೊಳ್ಳಲಿ.

ನನಗಿಂತ ಮೊದಲು ಮೂವರು, ಕಡಿಮೆ ಡೋಸಿನಲ್ಲಿ.
ಅವರಿಗೆ ಏನೂ ಆಗಲಿಲ್ಲ, ಅದಕ್ಕೇ ನನಗೆ ಹೆಚ್ಚು.
ಏನೂ ಎಂದರೆ ಕೆಟ್ಟದ್ದೂ ಇಲ್ಲ, ಒಳ್ಳೆಯದೂ ಇಲ್ಲ.
ಅವರಲ್ಲೊಬ್ಬ ಟ್ರಾಮ್ ಓಡಿಸುತ್ತಿದ್ದವನಂತೆ.
ಹೆಸರು ಹೇಳುವ ಹಾಗಿಲ್ಲ; ಅವನು ನಾಲ್ಕು, ನಾನು ಏಳು.
ನಡುವಿನ ಐದು, ಆರು ಪರೀಕ್ಷೆಯಲ್ಲೇ ಬಿದ್ದುಹೋದರು.

ಹೊಸ ಮಾದರಿಯ ಅಂಗಿ ಬಂದಾಗ
ಮೊದಲು ಅಗ್ಗದ ಬಟ್ಟೆಯಲ್ಲಿ ಕತ್ತರಿಸುತ್ತಿದ್ದೆವು.
ಉದ್ದುದ್ದ ಬಿಳಿ ದಾರದ ಕಚ್ಚಾ ಹೊಲಿಗೆ,
ಗುಂಡುಸೂಜಿ, ಸೀಮೆಸುಣ್ಣ, ಟ್ರಯಲ್.
ಇಲ್ಲಿ ಬಿಗಿ, ಅಲ್ಲಿ ಸಡಿಲ, ತೋಳು ಬಿಚ್ಚು, ಮತ್ತೆ ಕತ್ತರಿಸು.
ಅದನ್ನು ತೊಟ್ಟು ಯಾರೂ ಮನೆಗೆ ಹೋದದ್ದಿಲ್ಲ.
ಅಳತೆ ಕೂಡಿಬಂದ ಮೇಲೆ
ಆ ಬಟ್ಟೆಯಲ್ಲಿ ಮಿಶಿನಿನ ಎಣ್ಣೆ ಒರೆಸುತ್ತಿದ್ದೆವು.

"ಮುಂದೆ ಬರುವವರಿಗಾದರೂ ಆಗಲಿ" ಎಂದೆ ಡಾಕ್ಟರಿಗೆ.
ಕೇಳಲು ಚೆನ್ನಾಗಿತ್ತು, ಅವರೂ ತಲೆಬಾಗಿದರು.
ಸುಳ್ಳಲ್ಲ. ಆದರೆ ಸಹಿ ಹಾಕಿದ ಕೈಗೆ
ಮುಂದೆ ಬರುವವರ ಮುಖ ಕಾಣಲಿಲ್ಲ.
ಅದಕ್ಕೆ ಬೇಕಿದ್ದದ್ದು
ಇನ್ನೊಂದು ಮೇ ತಿಂಗಳು, ಪೇಟೆಯ ಮೊದಲ ಸ್ಟ್ರಾಬೆರಿ,
ಕೈಚೀಲದ ತಳ ಕೆಂಪಾಗುವುದು.

ವೂಚ್ ಎಂದರೆ ನಮ್ಮ ಮಾತಿನಲ್ಲಿ ದೋಣಿ.
ಊರಿಗೆ ಬಂದವರು ನದಿ ಎಲ್ಲಿ ಎಂದು ಕೇಳುತ್ತಾರೆ.
ನೆಲದಡಿ ಕೊಳವೆಗಳಲ್ಲಿ ಹರಿಯುತ್ತಿದೆ;
ಮೇಲೆ ನಾವು ಟ್ರಾಮಿಗೆ ಕಾಯುತ್ತೇವೆ.

ಮೊದಲ ದಿನ. ಮಾತ್ರೆ ನುಂಗಿದ್ದು ಎಂಟೂ ಹತ್ತಕ್ಕೆ.
ಗಂಟೆಗೊಮ್ಮೆ ರಕ್ತ, ಆಮೇಲೆ ಎರಡು ಗಂಟೆಗೊಮ್ಮೆ.
ನರ್ಸ್ ಕಿಂಗಾ ಗಡಿಯಾರ ನೋಡುತ್ತಾಳೆ, ನನ್ನನ್ನಲ್ಲ;
ಒಂದು ನಿಮಿಷ ತಪ್ಪಿದರೂ ಬರೆಯಬೇಕಂತೆ.
ನಾನು ನೋಡುತ್ತಿರುವುದು ಅವಳ ಕೋಟು:
ಎರಡನೇ ಗುಂಡಿ ಒಂದೇ ಎಳೆಯಲ್ಲಿ ನೇತಾಡುತ್ತಿದೆ.

"ಬಿಚ್ಚಿಕೊಡು" ಎಂದೆ ಮೂರು ಗಂಟೆಗೆ.
ಚೀಲದಲ್ಲಿ ಸೂಜಿ ಯಾವಾಗಲೂ ಇರುತ್ತದೆ.
ಎಡಗೈಯಲ್ಲಿ ನಳಿಕೆ, ಮಡಚುವಂತಿಲ್ಲ,
ಅವಳೇ ಬಟ್ಟೆ ಹಿಡಿದು ಬಗ್ಗಿ ನಿಂತಳು.
ಹಲ್ಲಿನಿಂದ ದಾರ ಕಚ್ಚಬೇಡಿ, ಎಂದಳು,
ನಿಮ್ಮ ಪ್ಲೇಟ್‌ಲೆಟ್ ಕಡಿಮೆ ಇದೆ.

ನಾನು ಕಚ್ಚಿದೆ.